ತುಮಕೂರಿನ ಜಿಮ್‌ಗಳಲ್ಲಿ ಎರಡು ದಾರಿ: ಕ್ರಾಸ್ ಟ್ರೈನಿಂಗ್ ಬ್ಯಾಚೋ, ಬಾರ್ಬೆಲ್ ತಾಲೀಮೋ?

ತುಮಕೂರಿನಲ್ಲಿ ಜಿಮ್ ಸೇರಲು ಹೊರಟವರ ಮುಂದೆ ಈಗ ಎರಡು ಬಗೆಯ ಸೇವೆ ಇದೆ. ಒಂದು, ಬೆಳಿಗ್ಗೆ ಅಥವಾ ಸಂಜೆ ಗೊತ್ತಾದ ಹೊತ್ತಿಗೆ ನಡೆಯುವ ಕ್ರಾಸ್ ಟ್ರೈನಿಂಗ್ ಬ್ಯಾಚ್. ಹತ್ತು ಹದಿನೈದು ಜನ, ಒಬ್ಬ ಕೋಚ್, ಗೋಡೆಯ ಮೇಲೊಂದು ಟೈಮರ್, ಬರ್ಪಿ (ನೆಲಕ್ಕೆ ಬಗ್ಗಿ ಮಲಗಿ ಎದ್ದು ಜಿಗಿಯುವುದು), ಬಾಕ್ಸ್ ಜಂಪ್ (ಪೆಟ್ಟಿಗೆಯ ಮೇಲೆ ಹಾರಿ ಹತ್ತುವುದು), ಕೆಟಲ್‌ಬೆಲ್ (ಹಿಡಿಯುಳ್ಳ ಕಬ್ಬಿಣದ ಗುಂಡು), ಮುಕ್ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು. ಇನ್ನೊಂದು, ಬಾರ್ಬೆಲ್ (ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಉದ್ದ ಬಾರ್) ಇಟ್ಟುಕೊಂಡು ಶಕ್ತಿಯನ್ನೇ ಗುರಿಯಾಗಿಸಿದ ತಾಲೀಮು. ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನಿಲ್ಲುವುದು), ಓವರ್‌ಹೆಡ್ ಪ್ರೆಸ್ (ನಿಂತು ತಲೆಯ ಮೇಲಕ್ಕೆ ಒತ್ತುವುದು) ಎಂಬ ನಾಲ್ಕೈದು ಎತ್ತುಗಳು, ವಾರಕ್ಕೆ ಮೂರು ದಿನ, ಪ್ರತಿ ಸಲವೂ ಸ್ವಲ್ಪ ಹೆಚ್ಚು ತೂಕ. ಇದು ಯಾವುದೋ ಒಂದು ಜಿಮ್ಮಿನ ಹೆಸರು ಹಿಡಿದು ಬರೆದ ವಿಮರ್ಶೆಯಲ್ಲ. ಎರಡೂ ಕಡೆ ಕೊಟ್ಟ ಫೀಸಿಗೆ ಏನು ದಕ್ಕುತ್ತದೆ, ಎಲ್ಲಿ ಏಟು ಬೀಳುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹೊಸಬರು ಮೊದಲ ಆರು ತಿಂಗಳ ದುಡ್ಡನ್ನು ಬಾರ್ಬೆಲ್‌ಗೆ ಹಾಕಬೇಕು, ಬ್ಯಾಚ್ ಆಮೇಲೆ. ದಮ್ಮು ಬೇಗ ಬರುತ್ತದೆ, ಬಿಟ್ಟರೆ ಬೇಗ ಹೋಗುತ್ತದೆ. ಆರೆಂಟು ವಾರ ಸರಿಯಾಗಿ ಓಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಶಕ್ತಿ ಹಾಗಲ್ಲ. ಅದು ನಿಧಾನಕ್ಕೆ ಕೂಡಿಬರುತ್ತದೆ, ಕೂಡಿಬಂದಮೇಲೆ ಬಹುಕಾಲ ಉಳಿಯುತ್ತದೆ. ಅದಕ್ಕಿಂತ ಮುಖ್ಯ ಕಾರಣ, ಶಕ್ತಿ ಇಲ್ಲದವರಿಗೆ ಬ್ಯಾಚ್‌ನಿಂದ ಸಿಗಬೇಕಾದ ಲಾಭವೂ ಪೂರ್ತಿ ಸಿಗುವುದಿಲ್ಲ.

ಕ್ರಾಸ್‌ಫಿಟ್ ಎಂಬ ಅಮೆರಿಕದ ತರಬೇತಿ ಪದ್ಧತಿಯ 'ಫ್ರಾನ್' ಎಂಬ ಪ್ರಸಿದ್ಧ ವರ್ಕೌಟನ್ನೇ ತೆಗೆದುಕೊಳ್ಳಿ. 43 ಕೆ.ಜಿ. ಬಾರ್ ಹಿಡಿದು 21 ಥ್ರಸ್ಟರ್, ಆಮೇಲೆ 21 ಪುಲ್‌ಅಪ್ (ಮೇಲಿನ ಕಂಬಿಗೆ ಜೋತು ಮೈಯನ್ನು ಮೇಲೆಳೆಯುವುದು). ಆಮೇಲೆ 15, 15. ಕೊನೆಗೆ 9, 9. ಥ್ರಸ್ಟರ್ ಅಂದರೆ ಬಾರನ್ನು ಭುಜದ ಮುಂದಿಟ್ಟು ಪೂರ್ತಿ ಕೂತು ಎದ್ದು, ಅದೇ ವೇಗದಲ್ಲಿ ತಲೆಯ ಮೇಲಕ್ಕೆ ಒತ್ತುವುದು. ಫ್ರಂಟ್ ಸ್ಕ್ವಾಟ್‌ನಲ್ಲಿ (ಬಾರ್ ಭುಜದ ಮುಂದಿಟ್ಟ ಸ್ಕ್ವಾಟ್) ಹೆಚ್ಚೆಂದರೆ 110 ಕೆ.ಜಿ. ಎತ್ತುವವನಿಗೆ ಈ 43 ಕೆ.ಜಿ. ಅವನ ಬಲದ ಶೇ. 39ರಷ್ಟು. ಅವನು ಬಾರ್ ಕೆಳಗಿಡದೆ 21 ಮುಗಿಸುತ್ತಾನೆ, ಅವನ ಹೃದಯ, ಶ್ವಾಸಕೋಶಕ್ಕೆ ಕೆಲಸ ಬೀಳುತ್ತದೆ. ಹೆಚ್ಚೆಂದರೆ 60 ಕೆ.ಜಿ. ಎತ್ತುವವನಿಗೆ ಅದೇ ಬಾರ್ ಶೇ. 72. ಏಳೆಂಟಕ್ಕೆ ಬಾರ್ ಕೆಳಗಿಡುತ್ತಾನೆ, ನಿಲ್ಲುತ್ತಾನೆ, ಮತ್ತೆ ಮೂರು, ಮತ್ತೆ ಎರಡು. ಗೋಡೆಯ ಮೇಲೆ ಬರೆದ ವರ್ಕೌಟ್ ಒಂದೇ, ಮೈಗೆ ಬಿದ್ದ ಕೆಲಸ ಬೇರೆ ಬೇರೆ. ತಿಳಿದ ಕೋಚ್ ಎರಡನೆಯವನ ಬಾರನ್ನು 25 ಕೆ.ಜಿ.ಗೆ ಇಳಿಸುತ್ತಾನೆ. ತಿಳಿಯದವನು 'ಕಮಾನ್, ಕಮಾನ್' ಅನ್ನುತ್ತಾನೆ. ಬ್ಯಾಚ್‌ನ ಗುಣಮಟ್ಟ ಅಳೆಯಲು ಇದೊಂದೇ ಪರೀಕ್ಷೆ ಸಾಕು.

ಬ್ಯಾಚ್‌ನಲ್ಲಿ ಮೆಚ್ಚಬೇಕಾದ ಸಂಗತಿಗಳು ಬಹಳ ಇವೆ. ಎಲ್ಲಕ್ಕಿಂತ ದೊಡ್ಡದು ಹಾಜರಿ. ಆರು ಗಂಟೆಗೆ ಹತ್ತು ಜನ ಕಾಯುತ್ತಾರೆ ಅಂದರೆ ಹಾಸಿಗೆ ಬಿಟ್ಟು ಏಳುವವರು ಹೆಚ್ಚು. ಮಷಿನ್ ಜಿಮ್‌ಗೆ ವರ್ಷದ ಫೀಸು ಕಟ್ಟಿ ಎರಡನೇ ತಿಂಗಳಿಗೆ ನಾಪತ್ತೆಯಾಗುವ ಜನ ಇಲ್ಲಿ ಉಳಿದುಕೊಳ್ಳುತ್ತಾರೆ. ಎರಡನೆಯದು, ದಿನವಿಡೀ ಕೂತು ಕೆಲಸ ಮಾಡುವವರ ಸೊಂಟ, ಭುಜ, ಕಣಕಾಲುಗಳಿಗೆ ಎಲ್ಲ ದಿಕ್ಕಿನ ಚಲನೆ ಸಿಗುತ್ತದೆ. ಮೂರನೆಯದು ಸಮಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ ಬೇಕು, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಒಳ್ಳೆಯ ಬ್ಯಾಚ್ ವಾರಕ್ಕೆ ಮೂರು ದಿನದಲ್ಲಿ ಇದರ ಬಹುಪಾಲು ಮುಗಿಸುತ್ತದೆ.

ಒಳ್ಳೆಯ ಬ್ಯಾಚ್‌ನ ಮುಕ್ಕಾಲು ಗಂಟೆ ಹೇಗಿರಬೇಕು? ಹತ್ತು ನಿಮಿಷ ವಾರ್ಮ್‌ಅಪ್. ಹತ್ತು ಹನ್ನೆರಡು ನಿಮಿಷ ಒಂದೇ ಎತ್ತಿನ ಕಲಿಕೆ, ಗಡಿಯಾರ ನೋಡದೆ. ಆಮೇಲೆ ಹನ್ನೆರಡರಿಂದ ಹದಿನೈದು ನಿಮಿಷ ತೀವ್ರ ವರ್ಕೌಟ್. ಉಳಿದದ್ದು ಉಸಿರು ಇಳಿಸಿಕೊಳ್ಳಲು. ನಲವತ್ತು ನಿಮಿಷವೂ 'ತೀವ್ರ' ಎಂದು ಹೇಳುವ ಕಡೆ ನಡೆಯುವುದು ತೀವ್ರ ವ್ಯಾಯಾಮವೇ ಅಲ್ಲ, ಬರೀ ಸುಸ್ತು. 'ತಬಾಟಾ' ಹೆಸರಿಗೂ ಇದೇ ಗತಿ ಬಂದಿದೆ. 1996ರಲ್ಲಿ ಪ್ರಕಟವಾದ ಇಜುಮಿ ತಬಾಟಾ ಅವರ ಅಧ್ಯಯನದಲ್ಲಿ 20 ಸೆಕೆಂಡ್ ಸೈಕಲ್ ತುಳಿತ, 10 ಸೆಕೆಂಡ್ ವಿರಾಮ, ಏಳೆಂಟು ಸುತ್ತು ಇತ್ತು ನಿಜ. ಆದರೆ ಆ ತುಳಿತ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟದ ಶೇ. 170ರಷ್ಟು ಕಠಿಣ. ಅದೇ ಟೈಮರ್ ಹಾಕಿಕೊಂಡು ಸಿಟ್‌ಅಪ್ ಹೊಡೆದರೆ ಆ ಫಲ ಬರುವುದಿಲ್ಲ. ಹೊಟ್ಟೆಯ ಸ್ನಾಯು ಸೋಲುತ್ತದೆ, ಹೃದಯ ಆ ಮಟ್ಟಕ್ಕೆ ಏರುವುದೇ ಇಲ್ಲ.

ಇನ್ನು ಏಟು ಬೀಳುವ ಜಾಗಗಳು. ಮೊದಲನೆಯದು ಕಿಪಿಂಗ್ ಪುಲ್‌ಅಪ್, ಅಂದರೆ ಮೈಯನ್ನು ಹಿಂದೆ ಮುಂದೆ ತೂಗಿ, ಆ ಜೋರಿನಲ್ಲಿ ಗದ್ದವನ್ನು ಬಾರ್ ದಾಟಿಸುವುದು. ತೂಗಾಟವಿಲ್ಲದೆ ಐದು ಪುಲ್‌ಅಪ್ ತೆಗೆಯಲಾಗದವರು ಇದಕ್ಕೆ ಕೈ ಹಾಕಲೇಬಾರದು. ಕೆಳಗೆ ಬೀಳುವಾಗ ಮೈಭಾರವೆಲ್ಲ ಎಳೆತದೊಂದಿಗೆ ಭುಜದ ಕೀಲಿನ ಮೇಲೆ ಬೀಳುತ್ತದೆ, ತಡೆಯಲು ಸ್ನಾಯು ಇರುವುದಿಲ್ಲ. ಅಂಥವರಿಗೆ ರಬ್ಬರ್ ಬ್ಯಾಂಡ್ ಅಥವಾ ತಗ್ಗಿನ ಬಾರ್‌ನಲ್ಲಿ ಓರೆಯಾಗಿ ಮಲಗಿ ಎಳೆಯುವ ಅಭ್ಯಾಸ ಕೊಡಬೇಕು. ಎರಡನೆಯದು ಸುಸ್ತಿನಲ್ಲಿ ಸ್ನ್ಯಾಚ್ (ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ), ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ) ಎತ್ತುವುದು. ವೇಟ್‌ಲಿಫ್ಟಿಂಗ್ ಸ್ಪರ್ಧೆಗೆ ತಯಾರಾಗುವವರು ಇವನ್ನು ಒಂದು, ಎರಡು, ಹೆಚ್ಚೆಂದರೆ ಮೂರು ರೆಪ್ಸ್ (ಸಲ) ಮಾಡಿ ನಿಲ್ಲಿಸುತ್ತಾರೆ, ಏಕೆಂದರೆ ಇದು ಬಲಕ್ಕಿಂತ ಲಯದ ಎತ್ತು. ಗಡಿಯಾರದ ವಿರುದ್ಧ ಮೂವತ್ತು ಸಲ ಎತ್ತುವಾಗ ಹದಿನೈದರ ನಂತರ ಸೊಂಟ ಮೊದಲು ಮೇಲೇಳುತ್ತದೆ, ಬಾರ್ ಮೈಯಿಂದ ದೂರ ಸರಿಯುತ್ತದೆ, ಭಾರ ಕೆಳಬೆನ್ನಿಗೆ ಬೀಳುತ್ತದೆ. ಮೂರನೆಯದು ಬಾಕ್ಸ್ ಜಂಪ್. ಹತ್ತುವುದರಲ್ಲಿ ಅಪಾಯ ಕಡಿಮೆ. ಹಿಮ್ಮುಖವಾಗಿ ಹಾರಿ ಇಳಿದು ಅದೇ ಕ್ಷಣ ಮತ್ತೆ ಜಿಗಿಯುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿಯಬಹುದು. ಹಾರಿ ಹತ್ತಿ, ಒಂದೊಂದೇ ಕಾಲಿಟ್ಟು ಇಳಿಯಿರಿ. ಸಮಯ ಹೆಚ್ಚು ಹಿಡಿದರೆ ಹಿಡಿಯಲಿ.

ಎಲ್ಲಕ್ಕಿಂತ ಗಂಭೀರವಾದದ್ದು ರ್‍ಯಾಬ್ಡೊಮಯೊಲಿಸಿಸ್. ಅಭ್ಯಾಸವಿಲ್ಲದ ಮೈಗೆ ಒಂದೇ ದಿನ ಅತಿಯಾಗಿ ಕೆಲಸ ಕೊಟ್ಟಾಗ ಸ್ನಾಯುಕೋಶ ಒಡೆದು ಒಳಗಿನ ಪದಾರ್ಥ ರಕ್ತಕ್ಕೆ ಇಳಿಯುತ್ತದೆ, ಮೂತ್ರಪಿಂಡ ಕೆಡಬಹುದು. ಮೊದಲ ದಿನವೇ ನೂರು ಪುಲ್‌ಅಪ್, ಅಥವಾ ನಿಧಾನಕ್ಕೆ ಕೆಳಗಿಳಿಯುವ ಪುಲ್‌ಅಪ್‌ಗಳನ್ನು ಬಹಳ ಮಾಡಿಸಿದರೆ ಹೀಗಾಗಬಹುದು. ಕೆಲವು ತಿಂಗಳು ಬಿಟ್ಟು ಮತ್ತೆ ಬಂದವರಿಗೆ, ಹಳೆಯ ಲೆಕ್ಕದಲ್ಲೇ ಶುರು ಮಾಡುವುದರಿಂದ, ಅಪಾಯ ಹೆಚ್ಚು. ತೋಳು ಅಥವಾ ತೊಡೆ ಊದಿ ಮಡಚಲಾಗದಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವೆಂದು ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಇನ್ನೂ ಹೊರೆ. ಮಾರ್ಚ್, ಏಪ್ರಿಲ್‌ನಲ್ಲಿ ಶೀಟ್ ಮನೆಯಲ್ಲಿ ನಡೆಯುವ ಸಂಜೆ ಬ್ಯಾಚ್‌ಗಳಿಗೆ ಈ ಎಚ್ಚರಿಕೆ ಎರಡು ಪಟ್ಟು ಬೇಕು. ಬಿಸಿಲಿಗೆ ಕಾದ ಶೀಟಿನ ಕೆಳಗೆ ಸಂಜೆ ಐದಕ್ಕೂ ಸೆಕೆ ಇಳಿದಿರುವುದಿಲ್ಲ, ಬೆವರು ಆರುವುದಿಲ್ಲ. ಬೇಸಿಗೆಯಲ್ಲಿ ಬೆಳಗಿನ ಬ್ಯಾಚನ್ನೇ ಹಿಡಿಯಿರಿ.

ಗೋಡೆಗೆ ತೂಗಿದ ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ಕ್ರಾಸ್‌ಫಿಟ್ ಎಂಬುದು ಗ್ರೆಗ್ ಗ್ಲಾಸ್ಮನ್ ಅಮೆರಿಕದಲ್ಲಿ 2000ದಲ್ಲಿ ಕಂಪನಿಯಾಗಿ ಶುರುಮಾಡಿದ್ದು. ಆ ಹೆಸರು ಬೋರ್ಡಿನ ಮೇಲೆ ಹಾಕಬೇಕಾದರೆ ಜಿಮ್ ಪ್ರತಿವರ್ಷ ಶುಲ್ಕ ಕಟ್ಟಬೇಕು. ಅದಕ್ಕೇ ಬಹಳ ಕಡೆ 'ಫಂಕ್ಷನಲ್', 'ಕ್ರಾಸ್ ಟ್ರೈನಿಂಗ್' ಎಂದು ಬರೆದಿರುತ್ತಾರೆ. ಹೆಸರು ಇಲ್ಲದ್ದು ದೋಷವಲ್ಲ. ಇನ್ನು ಅವರ ಲೆವೆಲ್ 1 ಕೋರ್ಸ್ ಎರಡು ದಿನದ್ದು, ಕೊನೆಗೊಂದು ಪರೀಕ್ಷೆ. ಎರಡು ದಿನದ ಕಲಿಕೆಯಲ್ಲಿ ಸ್ನ್ಯಾಚ್ ಹೇಳಿಕೊಡುವ ಕಣ್ಣು ಬರುವುದಿಲ್ಲ. ಕೋಚ್ ಎಷ್ಟು ವರ್ಷ, ಯಾರಿಗೆ, ಏನು ಹೇಳಿಕೊಟ್ಟಿದ್ದಾರೆ ಎಂದು ಕೇಳಿ. ಗರಡಿಮನೆಯಲ್ಲಿ ಉಸ್ತಾದರ ಮುಂದೆ ದಂಡ, ಬಸ್ಕಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಬಾರ್ಬೆಲ್ ಕಡೆಗೆ. ಇಲ್ಲಿ ತರಬೇತಿಯಷ್ಟೇ ಸಾಮಾನೂ ಮುಖ್ಯ, ನಮ್ಮೂರಿನ ಜಿಮ್‌ಗಳು ಎಡವುವುದು ಬಹುಪಾಲು ಇಲ್ಲೇ. ಟ್ರಯಲ್ ದಿನ ನೇರವಾಗಿ ಬಾರ್ ನೋಡಿ. ಗಂಡಸರ ಒಲಿಂಪಿಕ್ ಬಾರ್ 20 ಕೆ.ಜಿ., 2.2 ಮೀಟರ್ ಉದ್ದ, ಹಿಡಿಯುವ ಜಾಗ 28 ಮಿ.ಮೀ., ಪ್ಲೇಟ್ ಕೂರುವ ತುದಿ 50 ಮಿ.ಮೀ. ಹೆಂಗಸರದ್ದು 15 ಕೆ.ಜಿ., 25 ಮಿ.ಮೀ. ಹಲವು ಕಡೆ ಇರುವುದು ತುದಿ ತಿರುಗದ ಸಾದಾ ರಾಡ್. ಅದರ ತೂಕ ಎಂಟೂ ಇರಬಹುದು, ಹದಿನೈದೂ ಇರಬಹುದು. ಮೈತೂಕ ನೋಡುವ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ರಾಡ್ ಹಿಡಿದು ಒಮ್ಮೆ ನಿಂತರೆ ನಿಜ ಗೊತ್ತಾಗುತ್ತದೆ. ಬಾರನ್ನು ನೆಲದ ಮೇಲೆ ಉರುಳಿಸಿ ನೋಡಿ, ಕುಂಟುತ್ತಾ ಉರುಳಿದರೆ ಬಗ್ಗಿದೆ.

ಆಮೇಲೆ ಚಿಕ್ಕ ಪ್ಲೇಟ್. ಅತಿ ಚಿಕ್ಕದು 2.5 ಕೆ.ಜಿ. ಆಗಿದ್ದರೆ ಎರಡು ಬದಿ ಸೇರಿ ಒಂದೇ ಸಲ 5 ಕೆ.ಜಿ. ಏರಬೇಕಾಗುತ್ತದೆ. 30 ಕೆ.ಜಿ. ಓವರ್‌ಹೆಡ್ ಪ್ರೆಸ್ ಮಾಡುವವರಿಗೆ ಅದು ಶೇ. 16ಕ್ಕೂ ಹೆಚ್ಚಿನ ಏರಿಕೆ, ಯಾರ ಭುಜಕ್ಕೂ ಒಗ್ಗದ ಹಾರಿಕೆ. ಹೆಂಗಸರ ಪ್ರಗತಿ ಇಲ್ಲಿ ನಿಂತುಹೋಗುವುದಕ್ಕೆ ಬಹಳ ಸಲ ಇದೇ ಕಾರಣ, ಅವರ ಬಲ ಅಲ್ಲ. 1.25 ಕೆ.ಜಿ.ಯ ಒಂದು ಜೊತೆ, ಸಿಕ್ಕರೆ ಅರ್ಧ ಕೆ.ಜಿ.ಯ ಒಂದು ಜೊತೆ ಸ್ವಂತಕ್ಕೆ ಕೊಂಡು ಬ್ಯಾಗಿನಲ್ಲಿಟ್ಟುಕೊಳ್ಳಿ. ಕೊಳ್ಳುವ ಮುಂಚೆ ತೂತಿನ ಅಳತೆ ನಿಮ್ಮ ಜಿಮ್ಮಿನ ಬಾರ್‌ಗೆ ಸರಿಹೋಗುತ್ತದೆಯೇ ನೋಡಿ.

ಡೆಡ್‌ಲಿಫ್ಟ್‌ಗೂ ಪ್ಲೇಟಿನ ತೊಂದರೆಯೇ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಹಾಗಾಗಿ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಮೇಲಿರುತ್ತದೆ. ಪುಟ್ಟ ಕಬ್ಬಿಣದ 10 ಕೆ.ಜಿ. ಪ್ಲೇಟ್ ಹಾಕಿದರೆ ಬಾರ್ ತೀರಾ ತಗ್ಗಿಗೆ ಇಳಿಯುತ್ತದೆ, ಹಿಡಿಯಲು ಹೋದ ಹೊಸಬರ ಬೆನ್ನು ಗೂನಾಗುತ್ತದೆ. ಬೈಯಬೇಕಾದದ್ದು ಅವರನ್ನಲ್ಲ. ಎರಡೂ ಬದಿಯ ಪ್ಲೇಟಿನ ಕೆಳಗೆ ರಬ್ಬರ್ ಮ್ಯಾಟ್ ಅಥವಾ ಗಟ್ಟಿ ಹಲಗೆ ಇಟ್ಟು ಎತ್ತರ ಸರಿಮಾಡಿದರೆ ಮುಗಿಯಿತು. ಇಷ್ಟನ್ನೂ ಮಾಡದೆ 'ಡೆಡ್‌ಲಿಫ್ಟ್ ಸೊಂಟಕ್ಕೆ ಕೆಟ್ಟದ್ದು' ಎಂದು ನಿಷೇಧಿಸುವ ಟ್ರೈನರ್‌ಗಳನ್ನು ಕಂಡರೆ ಬೇಸರವಾಗುತ್ತದೆ. ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಜಿಮ್‌ಗಳಲ್ಲಿ ಕೆಳಗಿನವರ ದೂರಿನಿಂದಾಗಿ ಬಾರ್ ಬಿಡಲು ಕೊಡುವುದಿಲ್ಲ, ಅದು ನ್ಯಾಯವಾದ ಕಾರಣ. ಭಾರದ ಡೆಡ್‌ಲಿಫ್ಟ್ ನಿಮಗೆ ಬೇಕಿದ್ದರೆ ನೆಲಮಹಡಿಯ ಜಿಮ್ ಹುಡುಕಿ.

ರ್‍ಯಾಕ್‌ಗೆ (ಬಾರ್ ಇಡುವ ಚೌಕಟ್ಟು) ಅಡ್ಡ ಸುರಕ್ಷಾ ಕಂಬಿ ಇರಲೇಬೇಕು. ಬೆಂಚ್ ಪ್ರೆಸ್‌ನಲ್ಲಿ ಅದನ್ನು ಉಬ್ಬಿದ ಎದೆಗಿಂತ ಎರಡು ಮೂರು ಸೆಂ.ಮೀ. ಕೆಳಗೆ ಕಟ್ಟಿದರೆ, ಸೋತಾಗ ಎದೆ ತಗ್ಗಿಸಿ ಬಾರನ್ನು ಕಂಬಿಯ ಮೇಲೆ ಬಿಡಬಹುದು. ಕಂಬಿಯೂ ಇಲ್ಲ, ಹಿಡಿಯುವವರೂ ಇಲ್ಲ ಅಂದರೆ ಬಾರ್‌ನ ತುದಿಗೆ ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡರೆ ಒಂದು ಬದಿಗೆ ವಾಲಿಸಿ ಪ್ಲೇಟ್ ಉದುರಿಸಬಹುದು. ಹೆಬ್ಬೆರಳನ್ನು ಮಾತ್ರ ಬಾರ್ ಸುತ್ತ ಹಾಕಲೇಬೇಕು. ಸ್ಮಿತ್ ಮಷಿನ್ (ಬಾರ್ ಹಳಿಯಲ್ಲಿ ಜಾರುವ ಯಂತ್ರ) ಒಂದೇ ಇರುವ ಜಾಗವನ್ನು ಶಕ್ತಿ ತರಬೇತಿಯ ಜಿಮ್ ಎನ್ನಲಾಗದು.

ತಾಲೀಮಿನ ಕ್ರಮ ಹೀಗೆ. ಸೋಮವಾರ ಸ್ಕ್ವಾಟ್ ಐದೈದರ ಮೂರು ಸೆಟ್ (ಸತತ ಐದು ಸಲದ ಮೂರು ಸರದಿ), ಬೆಂಚ್ ಪ್ರೆಸ್ ಐದೈದರ ಮೂರು, ಡೆಡ್‌ಲಿಫ್ಟ್ ಐದರ ಒಂದೇ ಸೆಟ್. ಬುಧವಾರ ಸ್ಕ್ವಾಟ್, ಓವರ್‌ಹೆಡ್ ಪ್ರೆಸ್, ಬಾರ್ಬೆಲ್ ರೋ (ಬಗ್ಗಿ ನಿಂತು ಬಾರನ್ನು ಹೊಟ್ಟೆಯತ್ತ ಎಳೆಯುವುದು), ಎಲ್ಲವೂ ಐದೈದರ ಮೂರು. ಶುಕ್ರವಾರ ಮತ್ತೆ ಮೊದಲನೆಯದು, ಮುಂದಿನ ಸೋಮವಾರ ಎರಡನೆಯದು. ಬರೀ ಬಾರ್‌ನಿಂದ ಎರಡು ಸೆಟ್ ಮಾಡಿ, ಆಮೇಲೆ ಆ ದಿನದ ತೂಕದ ಶೇ. 40ರಲ್ಲಿ ಐದು, 60ರಲ್ಲಿ ಮೂರು, 80ರಲ್ಲಿ ಎರಡು ಮಾಡಿ ನಿಜವಾದ ಸೆಟ್‌ಗೆ ಬನ್ನಿ. ಸೆಟ್ಟುಗಳ ನಡುವೆ ಮೂರರಿಂದ ಐದು ನಿಮಿಷ ವಿರಾಮ. ಈ ವಿರಾಮವನ್ನು ಸೋಮಾರಿತನ ಎಂದು ಭಾವಿಸಿ ಒಂದು ನಿಮಿಷಕ್ಕೆ ಇಳಿಸುವವರು ಎರಡನೇ ಸೆಟ್‌ನಲ್ಲೇ ಸೋಲುತ್ತಾರೆ, ತೂಕ ಏರುವುದು ನಿಲ್ಲುತ್ತದೆ.

ಸ್ಕ್ವಾಟ್ 20 ಕೆ.ಜಿ.ಯಿಂದ ಶುರುಮಾಡಿ ಪ್ರತಿ ಸಲ 2.5 ಕೆ.ಜಿ. ಸೇರಿಸಿದರೆ ಹನ್ನೆರಡು ಸಲಕ್ಕೆ, ಅಂದರೆ ಒಂದು ತಿಂಗಳಿಗೆ, 30 ಕೆ.ಜಿ. ಏರಿರುತ್ತದೆ. ಹೀಗೆ ಎರಡು ಮೂರು ತಿಂಗಳು ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ತೂಕಕ್ಕೆ ಮೂರು ಸಲ ಸೋತರೆ ಶೇ. 10 ಇಳಿಸಿ ಮತ್ತೆ ಏರಿ. ತೊಡೆಸಂದಿಯ ಮಡಿಕೆ ಮೊಣಕಾಲಿನ ಮೇಲ್ತುದಿಗಿಂತ ಕೆಳಗೆ ಹೋಗಲೇಬೇಕು. ತೂಕ ಏರಿದಂತೆಲ್ಲ ಆಳ ಕಡಿಮೆಯಾಗುತ್ತಿದ್ದರೆ ಅದು ಪ್ರಗತಿಯಲ್ಲ. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆಸಿಕೊಳ್ಳಿ. ಕಾಲಿಗೆ ತೆಳು ಅಡಿಯ ಕ್ಯಾನ್ವಾಸ್ ಶೂ ಸಾಕು. ಮೆತ್ತನೆಯ ರನ್ನಿಂಗ್ ಶೂ ಭಾರದ ಅಡಿಯಲ್ಲಿ ಒಂದೊಂದು ಸಲ ಒಂದೊಂದು ಕಡೆ ಕುಸಿಯುತ್ತದೆ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಬಾರ್ಬೆಲ್ ಮಾತ್ರ ಹಿಡಿದವರು ಅಮಾನಿಕೆರೆ ಸುತ್ತ ಓಡಲು ಹೋದರೆ ಏದುಸಿರು ಬಿಡುತ್ತಾರೆ. 140 ಕೆ.ಜಿ. ಎತ್ತಿಯೂ ದೇವರಾಯನದುರ್ಗದ ಮೆಟ್ಟಿಲಲ್ಲಿ ಮೂರು ಕಡೆ ಕೂರುವವರಿಗೆ ಆರೋಗ್ಯ ಪೂರ್ತಿ ಬಂದಿಲ್ಲ. ವಾರಕ್ಕೆ ಎರಡು ದಿನ, ತಾಲೀಮು ಇಲ್ಲದ ದಿನ, ಮಾತಾಡಲು ಆಗುವಷ್ಟು ವೇಗದಲ್ಲಿ ಮೂವತ್ತು ನಲವತ್ತು ನಿಮಿಷ ಓಟ ಅಥವಾ ಚುರುಕು ನಡಿಗೆ ಸೇರಿಸಬೇಕು. 'ಕಾರ್ಡಿಯೊ ಮಾಡಿದರೆ ಮಸಲ್ ಕರಗುತ್ತೆ' ಎಂಬ ಭಯಕ್ಕೆ ಮೂಲ ರಾಬರ್ಟ್ ಹಿಕ್ಸನ್ ಅವರ 1980ರ ಅಧ್ಯಯನ. ಹತ್ತು ವಾರ ಎರಡನ್ನೂ ಒಟ್ಟಿಗೆ ಮಾಡಿದವರ ಬಲ ಮೊದಲು ಏರಿ, ಆಮೇಲೆ ನಿಂತು, ಕೊನೆಯ ಎರಡು ವಾರದಲ್ಲಿ ಇಳಿಯಿತು. ಆದರೆ ಅವರು ವಾರಕ್ಕೆ ಐದು ದಿನ ಭಾರ, ಆರು ದಿನ ಕಠಿಣ ದಮ್ಮಿನ ವ್ಯಾಯಾಮ ಮಾಡುತ್ತಿದ್ದರು. ವಾರಕ್ಕೆ ಎರಡು ದಿನದ ಹಗುರ ಓಟಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಅದೇ ಅಧ್ಯಯನದಲ್ಲಿ ಭಾರ ಎತ್ತಿದ್ದರಿಂದ ದಮ್ಮಿಗೆ ಏನೂ ನಷ್ಟವಾಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು ಜಿಲ್ಲೆಯಲ್ಲಿ ಬಹಳ ಇದ್ದಾರೆ, ಅವರಿಗೆ ಬೇರೆಯೇ ಉತ್ತರ. ಪುರುಷರಿಗೆ 1600 ಮೀಟರ್ ಆರೂವರೆ ನಿಮಿಷದೊಳಗೆ, ಗುಂಡು ಎಸೆತ 7.26 ಕೆ.ಜಿ. 5.60 ಮೀಟರ್, ಮಹಿಳೆಯರಿಗೆ 400 ಮೀಟರ್ ಎರಡು ನಿಮಿಷದೊಳಗೆ, 4 ಕೆ.ಜಿ. ಗುಂಡು 3.75 ಮೀಟರ್. ಆರೂವರೆ ನಿಮಿಷ ಅಂದರೆ 400 ಮೀಟರ್ ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಬರ್ಪಿ ಹೊಡೆದು ಈ ವೇಗ ಬರುವುದಿಲ್ಲ, ಓಡಿಯೇ ಬರಬೇಕು. ಮಹಾತ್ಮ ಗಾಂಧಿ ಕ್ರೀಡಾಂಗಣದಂಥ ಜಾಗದಲ್ಲಿ ವಾರಕ್ಕೊಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದೂ 93ರಿಂದ 95 ಸೆಕೆಂಡ್, ನಡುವೆ ಎರಡು ನಿಮಿಷ ವಿರಾಮ. ಇನ್ನೆರಡು ದಿನ ನಿಧಾನದ ಉದ್ದ ಓಟ. ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಓಡಿ ಮೂರನೆಯದರಲ್ಲಿ ಕುಸಿಯುವುದು ಇವರ ಸಾಮಾನ್ಯ ತಪ್ಪು. ಗುಂಡು ಎಸೆತಕ್ಕೆ ಸ್ಕ್ವಾಟ್ ಮತ್ತು ಓವರ್‌ಹೆಡ್ ಪ್ರೆಸ್ ವಾರಕ್ಕೆ ಎರಡು ದಿನ ಸಾಕು. ಇವರಿಗೆ ಬ್ಯಾಚ್‌ನ ಫೀಸು ವ್ಯರ್ಥ.

ನಲವತ್ತೈದು ದಾಟಿದವರು ಎರಡೂ ಕಡೆ ಮೊದಲು ಬಿ.ಪಿ. ನೋಡಿಸಿಕೊಂಡು ಸೇರಬೇಕು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಅವರಿಗೆ ಐದರ ಬದಲು ಎಂಟು ಹತ್ತರ ಸೆಟ್, ಏಳುವಾಗ ಉಸಿರು ಬಿಡುತ್ತಾ. ಬ್ಯಾಚ್‌ನಲ್ಲಾದರೆ ಬಾಕ್ಸ್ ಹಾರುವ ಬದಲು ಹತ್ತಿ ಇಳಿಯುವುದು.

ಊಟದ ಲೆಕ್ಕ ಚುಟುಕಾಗಿ: ಮೈತೂಕದ ಕೆ.ಜಿ.ಗೆ 1.6 ಗ್ರಾಂ ಪ್ರೊಟೀನ್. 65 ಕೆ.ಜಿ.ಯವರಿಗೆ ಸುಮಾರು 104 ಗ್ರಾಂ. ನಾಲ್ಕು ಮೊಟ್ಟೆ 24, ಅರ್ಧ ಲೀಟರ್ ಹಾಲು 16, ನೂರು ಗ್ರಾಂ ಹುರುಳಿಕಾಳು 22, ಐವತ್ತು ಗ್ರಾಂ ಕಡಲೆಕಾಯಿ ಬೀಜ 12, ಉಳಿದದ್ದು ಮುದ್ದೆ, ಅನ್ನ, ಮೊಸರಿನಿಂದ. ಜಿಮ್ ಕೌಂಟರಿನಲ್ಲಿ ಮಾರುವ ಪೌಡರ್ ಡಬ್ಬಿ ಅನುಕೂಲಕ್ಕೆ ಇರುವುದು, ಕಡ್ಡಾಯವಲ್ಲ.

ಫೀಸಿನ ವಿಷಯ. ಬ್ಯಾಚ್‌ಗೆ ತಿಂಗಳ ಫೀಸು ಹೆಚ್ಚಿರುವುದು ಸಹಜ, ಅಲ್ಲಿ ಕೊಳ್ಳುತ್ತಿರುವುದು ಕೋಚ್‌ನ ಸಮಯ. ಒಬ್ಬ ಕೋಚ್‌ಗೆ ಹನ್ನೆರಡಕ್ಕಿಂತ ಹೆಚ್ಚು ಜನರಿದ್ದರೆ ಆ ಹೆಚ್ಚುವರಿ ದುಡ್ಡಿಗೆ ಅರ್ಥವಿಲ್ಲ. ಬಾರ್ಬೆಲ್ ಜಿಮ್‌ನಲ್ಲಿ ಫೀಸು ಕಡಿಮೆ, ಆದರೆ ಎತ್ತು ಹೇಳಿಕೊಡಲು ಬೇರೆ ಕೇಳಬಹುದು. ಮೊದಲ ಎರಡು ತಿಂಗಳು ಅದನ್ನು ಕೊಟ್ಟೇ ಕಲಿಯಿರಿ. ಎರಡೂ ಕಡೆ ವರ್ಷದ ಪ್ಯಾಕೇಜ್ ಒಪ್ಪಬೇಡಿ. ಒಂದು ತಿಂಗಳದ್ದು ಕಟ್ಟಿ, ನೋಟ್‌ಬುಕ್ ಒಂದು ಹಿಡಿದು ಹೋಗಿ, ಪ್ರತಿದಿನದ ತೂಕ, ರೆಪ್ಸ್, ಸಮಯ ಬರೆಯಿರಿ. ನಾಲ್ಕನೇ ವಾರಕ್ಕೆ ಆ ನೋಟ್‌ಬುಕ್ಕನ್ನು ಕೋಚ್ ಮುಂದಿಟ್ಟು, ಮುಂದಿನ ತಿಂಗಳು ಯಾವ ಎತ್ತು ಎಷ್ಟಕ್ಕೆ ಏರಬೇಕು ಎಂದು ಕೇಳಿ. ಸಂಖ್ಯೆ ಹೇಳಿದರೆ ಎರಡನೇ ತಿಂಗಳಿನ ಫೀಸು ಕಟ್ಟಿ.